ಒಂಬತ್ತು ಇಪ್ಪತ್ತರ ಗೂಡ್ಸು

ವಾಡಿ ಜಂಕ್ಷನ್ನಿನ ಹಳಿಗೆ ಬೆನ್ನು ಕೊಟ್ಟು
ನಮ್ಮ ಕಂಪನಿಯ ತಗಡಿನ ಥೇಟರು.
ಎರಡನೇ ಅಂಕ, ರಾಣಿಯ ಪದ, ಏರುಸ್ವರ;
ಹುಸೇನಬಿ ಬಾಯಿ ತೆಗೆದಳೆಂದರೆ
ಆಗಲೇ ಬರಬೇಕು ಆ ಗೂಡ್ಸು,
ಸಿಮೆಂಟು ಹೊತ್ತು, ಕೂಗುತ್ತ.

ನಾನು ಕಾಲಪೇಟಿಯಲ್ಲಿ ಒಂದೇ ಸ್ವರ ಒತ್ತಿ ಹಿಡಿಯುತ್ತಿದ್ದೆ.
ಅವಳು ಕೈ ಎತ್ತಿ
'ಕೇಳ್ರಿ, ವೈರಿ ಆನಿ ಬಂದಾವ!' ಅಂದರೆ
ಚಾಪೆಯ ಮೇಲಿನ ಹಮಾಲರೆಲ್ಲ ಎದ್ದು ಸಿಳ್ಳು.
ಕಡೇ ಡಬ್ಬಿ ದಾಟಿದ ಮೇಲೆ
ಬಿಟ್ಟ ಸಾಲನ್ನು ಬಿಟ್ಟಲ್ಲಿಂದಲೇ ಎತ್ತಿಕೊಳ್ಳುವಳು.

ಸಿನಿಮಾದವರು ಬಂದರು. ಒಳ್ಳೆಯವರೇ.
ಇಪ್ಪತ್ತೆಂಟು ಪದದಲ್ಲಿ ಆರು ಉಳಿಸಿದರು,
ಬಟ್ಟೆಯ ಅರಮನೆ ಸುತ್ತಿಟ್ಟು
ಬೀದರ ಕೋಟೆಗೆ ಹೋದರು.
ನನ್ನ ಪೇಟಿಗೆ ಬಣ್ಣ ಹಚ್ಚಿ ಮೂಲೆಗಿಟ್ಟರು.
ದನಿ ಹಿಡಿದದ್ದು ಹೈದರಾಬಾದಿನ ಕೋಣೆಯಲ್ಲಿ,
ಗೋಡೆಗೂ ಗಾದಿ, ಬೀದಿನಾಯಿಯೂ ಕೇಳದಂತೆ.
'ಅಷ್ಟು ಜೋರಾಗಿ ಬೇಡಮ್ಮ.'
ಹಿಂದಿನ ಸಾಲಿಗೆ ಎಸೆದು ರೂಢಿಯಾದ ಕಂಠ,
ಗಿಣಿಗೆ ಉಣಿಸುವಂತೆ ಹಾಡಿದಳು.

ಏರುಸ್ವರ ಬಂತು. ನಿಂತಳು.
ಗಾಜಿನಾಚೆ ಹುಡುಗರು ಮುಖ ಮುಖ ನೋಡಿಕೊಂಡರು.
ಅವಳ ತುಟಿ ಏನನ್ನೋ ಎಣಿಸುತ್ತಿತ್ತು.
ಆಮೇಲೆ ಎತ್ತಿಕೊಂಡಳು.

'ಆ ಮೌನ ಹಾಗೇ ಇರಲಿ,' ಅಂದ ಡೈರೆಕ್ಟರು,
'ಎಂಥ ದುಃಖ ಅದರಲ್ಲಿ!'
ನಾವು ಹೂಂ ಅಂದೆವು.

ಕಲಬುರಗಿಯಲ್ಲಿ ಮೊದಲ ಆಟ.
ಪರದೆ ತುಂಬ ಅವಳ ಒಂದೇ ಮುಖ,
ಮೂಗುಬಟ್ಟಿನ ಕಲ್ಲು ಬಿದ್ದ ತೂತು ಕಾಣುವಷ್ಟು.
ದನಿ ನಿಂತಿತು. ಥೇಟರೆಲ್ಲ ಗಪ್ಪು.
ಕತ್ತಲಲ್ಲಿ, ಮುಂದಿನ ಬೆಂಚಿನಿಂದ,
ವಾಡಿಯವನೇ ಇರಬೇಕು, ಯಾರೋ ಮುದುಕ
ಕೂ... ಎಂದ.

ಹುಸೇನಬಿ ನನ್ನ ಮೊಣಕೈ ಚಿವುಟಿದಳು:
'ಬರೇ ಹನ್ನೊಂದ ಡಬ್ಬಿ, ಮಾಸ್ತರ.
ಅವಸರ ಮಾಡೀನಿ.'