ಗೀಟಿನ ಎತ್ತರ

ತ್ಬಿಲಿಸಿಯ ಈ ಹಳೆ ಕಟ್ಟಡದ ಲಿಫ್ಟು
ಕಾಸು ಹಾಕದೆ ಮೇಲೇರುವುದಿಲ್ಲ.
ಜೇಬೆಲ್ಲ ತಡಕಿ, ಚಿಲ್ಲರೆ ಸಿಗದೆ,
ಏಳು ಮಹಡಿ ಹತ್ತಿ ಬಂದಿದ್ದೇನೆ.
ಏದುಸಿರು ಇಳಿಯುವ ಮುಂಚೆಯೇ ನುಗ್ಝಾರನ ಫೋನು:
"ತ್ಸಿಯಾಲಾ, ಆ ಮುದುಕಿಯ ಮೌನ ಕತ್ತರಿಸು.
ಪ್ರಶ್ನೆಗೂ ಉತ್ತರಕ್ಕೂ ನಡುವೆ ನಾಲ್ಕು ಸೆಕೆಂಡು ಖಾಲಿ.
ನೋಡುವವರು ಎದ್ದು ಹೋಗಿ
ಚಹಾ ಕಾಸಿಕೊಂಡು ಬಂದಾರು."

ಮುದುಕಿಯ ಹೆಸರು ಎತೆರಿ.
ಗಣಿಯ ಊರಿನಲ್ಲಿ ಮೂವತ್ತೊಂದು ವರ್ಷ
ತಂತಿಗೆ ಜೋತ ತಗಡಿನ ಬಂಡಿ ನಡೆಸಿದವಳು.
ಕೆಳಗೆ ನದಿ, ಮೇಲೆ ಗಣಿ,
ನಡುವೆ ತೂಗುವವರೆಲ್ಲರ ಜೀವ
ಅವಳ ಕೈಯ ಒಂದು ಹಿಡಿಕೆಯಲ್ಲಿ.

ತೆರೆಯ ಮೇಲೆ ಅವಳ ಮುಖ ಅಂಗೈಯಗಲ.
ಅದರಡಿಗೆ ದನಿ, ಒಂದು ಹಸಿರು ಗೀಟು,
ಸಕ್ಕರೆಯ ವಾಸನೆ ಹಿಡಿದ ಇರುವೆ ಸಾಲು.
ನುಗ್ಝಾರ್ ಕೇಳುತ್ತಾನೆ, ಗೀಟು ಉಬ್ಬುತ್ತದೆ:
"ಮುಷ್ಕರದ ಆ ಚಳಿಗಾಲ
ಗಣಿಯ ಸಾಹೇಬರು ಮೂರು ಗಂಟೆ
ನಡುಗಾಳಿಯಲ್ಲಿ ತೂಗಾಡಿದರಲ್ಲ,
ಬಂಡಿಯನ್ನು ಬೇಕೆಂದೇ ನಿಲ್ಲಿಸಿದ್ದು ನೀವೇ ಏನು?"
ಆಮೇಲೆ ಸಪಾಟು.
ಆಮೇಲೆ "ಅರಾ".
ಇಲ್ಲ ಎನ್ನಲು ನಮಗೆ ಅಷ್ಟೇ ಸಾಕು.
ಎರಡು ಗುಡ್ಡ, ನಡುವೆ ಸಣ್ಣ ಕಣಿವೆ.

ಕತ್ತರಿ ಎತ್ತಿಕೊಂಡೆ.
ಎಲ್ಲಿಂದ ಎಲ್ಲಿಗೆ, ಸರಿಯಾಗಿ ಕಾಣಲಿಲ್ಲ.
ಟ್ರ್ಯಾಕಿನ ಅಂಚು ಹಿಡಿದು ಕೆಳಕ್ಕೆ ಎಳೆದೆ,
ನೆರಿಗೆ ಬಿಡಿಸಿದ ಹಾಗೆ.
ಗೀಟು ಎದ್ದು ನಿಂತಿತು, ಚಿತ್ರಕ್ಕೆ ಜಾಗ ಸಾಲದಾಯಿತು.
ಎತೆರಿಯ ಗದ್ದ ಹೋಯಿತು, ಬಾಯಿ ಹೋಯಿತು.
ಇನ್ನೂ ಎಳೆದೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ:
ಗೀಟು ಬೆಳೆದರೆ ದನಿ ಬೆಳೆಯುವುದಿಲ್ಲ.
ಕೆಲಸಕ್ಕೆ ಸೇರಿದ ಹೊಸತರಲ್ಲಿ
ಕಿವಿ ಒಡೆದೀತೆಂದು ಹೆದರಿ
ಹೆಡ್‌ಫೋನು ಕಿತ್ತು ಮೇಜಿನ ಮೇಲಿಟ್ಟು
ಸುತ್ತಲಿದ್ದವರನ್ನೆಲ್ಲ ನಗಿಸಿದ್ದೆ.
ದೊಡ್ಡದಾಗುವುದು ಕಣ್ಣಿನ ಪಾಲು ಮಾತ್ರ.
ಸದ್ದು ತನ್ನ ಪಾಡಿಗೆ ತಾನು
ಇದ್ದಷ್ಟೇ ಇರುತ್ತದೆ.

ಸಪಾಟು ಸಪಾಟಾಗಿರಲಿಲ್ಲ.
ಮೊದಲ ಸೆಕೆಂಡಿನಲ್ಲಿ ಬಸಿಗೆ ತಾಗಿದ ಚಮಚ, ಸೂಜಿಮೊನೆ.
ಆಮೇಲೆ ಯಾರದೋ ಅಂಗಳದ ನಾಯಿ,
ಮೂರು ಬೊಗಳು, ಮೂರು ಗೋಧಿಕಾಳು.
ಉದ್ದಕ್ಕೂ ಫ್ರಿಜ್ಜಿನ ಗುಂಯ್‌ಕಾರ, ಬೆಕ್ಕಿನ ತುಪ್ಪಳದಂತೆ.
ಮತ್ತೆ ಕೊನೆಯಲ್ಲಿ,
"ಅರಾ"ದ ಗುಡ್ಡಕ್ಕೆ ಒಂಬತ್ತು ಫ್ರೇಮು ಹಿಂದೆ,
ಒಂದು ಎಳ್ಳು.

ಉಸಿರೆಂದುಕೊಂಡೆ.
ಮತ್ತೆ ಕೇಳಿದೆ. ಈ ಸಲ ದನಿಯನ್ನೇ ಏರಿಸಿ,
ಫ್ರಿಜ್ಜಿನ ಬಾಯಿ ಮುಚ್ಚಿಸಿ ಕೇಳಿದೆ.
"ಹೋ."
ಹೌದು ಎನ್ನಲು ನಾವು ಮನೆಯೊಳಗೆ, ಗೆಳತಿಯರೊಡನೆ
ಆಡುವ ಮಾತು ಅದು.
ಸಾಹೇಬರ ಮುಂದೆ ಆಡುವುದು ಬೇರೆ.
ತುಟಿ ನೋಡೋಣವೆಂದರೆ ಚಹಾದ ಲೋಟ ಅಡ್ಡ.
ಕುಂಬಳಕಾಯಿ ಕಳ್ಳ ಎಂದರೆ
ಹೆಗಲು ಮುಟ್ಟಿಕೊಳ್ಳುವ ಪೈಕಿ ಅಲ್ಲ ಇವಳು.
ಹೌದನ್ನು ಲೋಟದೊಳಗೆ ಆಡಿ,
ಒಂದು ಗುಟುಕಿನಲ್ಲಿ ಅದನ್ನು ಇಳಿಸಿ,
ಬಾಯಿ ಒರೆಸಿಕೊಂಡು ಇಲ್ಲ ಎಂದಿದ್ದಾಳೆ.

ನುಗ್ಝಾರನಿಗೆ ಹೇಳಿದರೆ ಕುಣಿದಾಡುತ್ತಾನೆ.
ಆ ಎಳ್ಳನ್ನು ಕಲ್ಲಂಗಡಿ ಮಾಡಿ,
ಅಡಿಗೆ ಹಳದಿ ಅಕ್ಷರ ಬರೆಸಿ,
ಊರ ಮುಂದೆ ಉರುಳಿಸುತ್ತಾನೆ.
ಕತ್ತರಿಸಿ ಎಸೆದರೋ,
ಆ ಮೂರು ಗಂಟೆಯ ಗಾಳಿಗೆ
ಸಾಕ್ಷಿಯೇ ಇಲ್ಲ.

ನಾಯಿಯನ್ನು ಕತ್ತರಿಸಿದೆ, ಪಾಪ.
ಚಮಚ ಹೋಯಿತು.
ಎಳ್ಳಿನ ನೆತ್ತಿಗೆ ಕೆಂಪು ಗುರುತು ಇಟ್ಟು
ಸದ್ದು ತೊಳೆಯುವ ಜೆಮಾಲನಿಗೆ ಬರೆದೆ:
"ಮೈಕಿಗೆ ಸೆರಗು ತಾಗಿದ್ದು. ಚೆನ್ನಾಗಿದೆ, ಮುಟ್ಟಬೇಡ."
ಎತೆರಿಯ ಮೈಮೇಲೆ ಸೆರಗು ಎಲ್ಲಿಂದ ಬರಬೇಕು!
ಅಳಿಸಿ "ಶಾಲು" ಎಂದು ತಿದ್ದಿದೆ.

ಟ್ರ್ಯಾಕನ್ನು ಮತ್ತೆ ಮಡಚಿದೆ.
ಬಾಯಿ ವಾಪಸು ಬಂತು, ಗದ್ದ ಬಂತು, ಲೋಟ ಬಂತು.
ಎಳ್ಳಿದ್ದ ಕಡೆ ಈಗ ಹಸಿರು ಗೀಟು,
ಎಳೆದು ಕಟ್ಟಿದ ತಂತಿಯ ಹಾಗೆ.
ಫೋನು ಮತ್ತೆ.
"ಖಾಲಿ ತೆಗೆದೆಯಾ?"
"ಖಾಲಿ ಇದ್ದಷ್ಟನ್ನೂ ತೆಗೆದೆ."