ದಿವಾದಿಂದ ಠಾಣೆಯವರೆಗೆ

ಏಳು ಹದಿನೆಂಟರ ಸ್ಲೋ ಲೋಕಲ್, ಲೇಡೀಸ್ ಡಬ್ಬಿ.
ಕೂತಿದ್ದೇನೆ ಸುಮ್ಮನೆ, ಮಡಿಲಲ್ಲಿ ಟಿಫಿನ್ ಚೀಲ.
ಸುಮ್ಮನೆ ಎಂದು ಅವರಂದುಕೊಂಡಿದ್ದಾರೆ.

ದಿವಾ ದಾಟಿದೊಡನೆ ಶುರು:
ಒಳಗೆಳೆದುಕೋ, ಮೇಲಕ್ಕೆ, ಹಿಡಿ,
ಒಂದು, ಎರಡು, ಮೂರು,
ಉಸಿರು ಬಿಗಿಯಬಾರದು, ಹೊಟ್ಟೆ ಬಿಗಿಯಬಾರದು,
ಕುಂಡೆ ಬಿಗಿಯಬಾರದು,
ಮುಖದಲ್ಲಂತೂ ಏನೂ ಕಾಣಿಸಬಾರದು.
ಅದೊಂದು ನನಗೆ ಮೊದಲೇ ಬರುತ್ತಿತ್ತು.

ಕಲಿಸಿದವಳು ಶಾರ್ವರಿ, ಮುನ್ಸಿಪಲ್ ಆಸ್ಪತ್ರೆಯವಳು,
ನನ್ನ ಕಿರಿಮಗಳಷ್ಟು ವಯಸ್ಸು.
ಪರದೆ ಎಳೆದು ಮರಾಠಿಯಲ್ಲಿ ಕೇಳಿದಳು:
ಕೆಮ್ಮಿದರೆ ಆಗುತ್ತಾ? ನಕ್ಕರೆ?
ಎಷ್ಟು ವರ್ಷದಿಂದ?
ಬೆರಳೆಣಿಸಿದೆ, ಎರಡೂ ಕೈ ಸಾಲಲಿಲ್ಲ.
ಬರೆದುಕೊಂಡಳು. ಬೈಯಲಿಲ್ಲ.

ಮೂರು ಹೆತ್ತೆ. ಪ್ರತಿಸಲ
ಅತ್ತೆ ಬಂದು ಹೊಟ್ಟೆಗೆ ಬಟ್ಟೆ ಬಿಗಿದರು,
ನೆತ್ತಿಗೆ ಎಣ್ಣೆ, ಕಿವಿಗೆ ಹತ್ತಿ, ಬೆನ್ನಿಗೆ ಬಿಸಿನೀರು.
ಕೆಳಗಿನದರ ಯೋಗಕ್ಷೇಮ ಯಾರೂ ಕೇಳಲಿಲ್ಲ.
ಅದಕ್ಕೆ ನಮ್ಮ ಮನೆಮಾತಿನಲ್ಲಿ ಹೆಸರಿಲ್ಲ,
ಇದ್ದದ್ದೂ ಬೈಗುಳಕ್ಕೆ ಹೋಗಿದೆ.

ಹೆಸರಿಲ್ಲದ್ದನ್ನು ಎಲ್ಲಿ ಅಂತ ಹುಡುಕುವುದು?
ಮೊದಲ ವಾರ ಬರೀ ತೊಡೆ ಬಿಗಿಯುತ್ತಿದ್ದೆ.
ಆಮೇಲೊಂದು ಬೆಳಿಗ್ಗೆ, ಮುಂಬ್ರಾದ ಗುಡ್ಡ ಹಾಯುವಾಗ
ಸಿಕ್ಕಿತು,
ಬುಟ್ಟಿಯ ತಳದ ದಣಿದ ಮೀನು
ಒಮ್ಮೆ ಬಾಲವಾಡಿಸಿ ಸುಮ್ಮನಾದ ಹಾಗೆ.

ಬದುಕಿಡೀ ನೀರು ಹಿಡಿದವಳು ನಾನು.
ನಾಲ್ಕೂವರೆಗೆ ಎದ್ದು ಚಾಳಿನ ನಲ್ಲಿಗೆ ಪೈಪು ಹಚ್ಚಿ
ಡ್ರಮ್ಮು, ಕೊಡ, ಕುಕ್ಕರು, ಲೋಟ ಸಹ ತುಂಬಿದವಳು,
ಒಂದು ಹನಿ ಚೆಲ್ಲದೆ.
ಮನೆ ದಾಟಿದರೆ ಮಾತ್ರ ನೀರೆಂದರೆ ಭಯ.
ಅರ್ಧ ಕಟಿಂಗ್ ಚಹಾ, ಅದೂ ಗಡಿಯಾರ ನೋಡಿ.
ಕಪ್ಪು ಲಂಗ, ಕಡುಬಣ್ಣದ ಸೀರೆ, ಚೀಲದ ತಳದಲ್ಲಿ
ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಇನ್ನೊಂದು ಚಡ್ಡಿ.
ಯಾವ ಸ್ಟೇಷನ್ನಿನಲ್ಲಿ ಎಷ್ಟು ಮೆಟ್ಟಿಲಿಳಿಯಬೇಕು,
ಎಲ್ಲಿ ಚಿಲಕವಿಲ್ಲ, ಎಲ್ಲಿ ಚಿಲ್ಲರೆ ಕೇಳುತ್ತಾರೆ,
ಮುಂಬಯಿಯ ನಕ್ಷೆ ನನಗೆ ಹಾಗೇ ಗೊತ್ತು.
ಮಗಳ ಮದುವೆಯಲ್ಲಿ ಯಾರ ಚೇಷ್ಟೆಗೂ ನಗಲಿಲ್ಲ.
ಗಂಭೀರ ಹೆಂಗಸು, ಅಂದುಕೊಂಡರು ಬೀಗರು.

ಕಲ್ವಾ. ಬಿಡು.
ಬಿಡುವುದೂ ವ್ಯಾಯಾಮವೇ, ಅಂದಿದ್ದಳು ಶಾರ್ವರಿ,
ಪೂರ್ತಿ ಬಿಡದಿದ್ದರೆ ಮತ್ತೆ ಹಿಡಿಯಲಾಗದು.
ನನಗೆ ಅದೇ ಕಷ್ಟ.

ಇವತ್ತು ಎದುರು ಸೀಟಿನ ಕಲಾವತಿ ಕರ್ಕೇರ
ತನ್ನ ಮ್ಯಾನೇಜರನ ಸೀನು ಕೂತಲ್ಲೇ ತೋರಿಸಿದಳು.
ಡಬ್ಬಿಗೆ ಡಬ್ಬಿಯೇ ನಕ್ಕಿತು.
ನಾನು ಮೊದಲು ಹಿಡಿದೆ, ಆಮೇಲೆ ನಕ್ಕೆ.
ಒಂದು ಹನಿ ಹೋಯಿತೋ ಏನೋ. ಹೋಗಲಿ,
ಮೂರು ತಿಂಗಳು ಬೇಕಂತೆ, ಇದಿನ್ನೂ ಏಳನೇ ವಾರ.

ಕಂಬಿ ಹಿಡಿದು ನಿಂತ ಹುಡುಗಿ,
ಹೆರಿಗೆ ರಜೆ ಮುಗಿಸಿ ಮೊನ್ನೆ ಬಂದವಳು,
ನಗುತ್ತಿದ್ದವಳು ತಟ್ಟನೆ ಕಾಲಿಗೆ ಕಾಲು ಕತ್ತರಿ ಹಾಕಿ
ಕಿಟಕಿಯಾಚೆ ನೋಡತೊಡಗಿದಳು.
ಅಲ್ಲೇನೂ ಇರಲಿಲ್ಲ, ಬರೀ ಖಾಡಿ.
ಆ ನೋಟ ನನಗೆ ಗೊತ್ತು.

ಠಾಣೆ ಬಂತು. ಜರುಗಿ ಒಂದು ಗೇಣು ಜಾಗ ಮಾಡಿದೆ.
ಕೂತುಕೋ, ಅಂದೆ.
ಮುಲುಂಡ್ ಬರುವವರೆಗೆ ಒಂದು ವಿಷಯ ಹೇಳುತ್ತೇನೆ.
ಮುಖ ಮಾತ್ರ ಹೀಗೇ ಇರಲಿ.