ಅಯಸ್ಕಾಂತ

ಫ್ರಿಜ್ಜಿನ ಬಾಗಿಲಿಂದ ಕಿತ್ತುಕೊಂಡು ಬಂದೆ ಅದನ್ನ,
ನಯಾಗರಾ ಜಲಪಾತದ ಪುಟ್ಟ ಚಿತ್ರ, ಬೆನ್ನಿಗೆ ಕರಿಯ ಅಯಸ್ಕಾಂತ.
ಇಪ್ಪತ್ತೆರಡು ವರ್ಷ ಗ್ಯಾಸಿನ ಬಿಲ್ಲು ಹಿಡಿದು ನಿಂತಿತ್ತು.
ಕೊಡಿಸಿದವನು ನಿಲ್ಲಲಿಲ್ಲ. ಅದು ಬೇರೆ ಮಾತು.

ಕರ್ಚೀಫಿನಲ್ಲಿ ಸುತ್ತಿ ಹಚ್ಚಿ ನೋಡು ಅಂದಿದ್ದಳು ವಿಲ್ಮಾ,
ಕಬ್ಬಿಣವಾದರೆ ಕಚ್ಚುತ್ತೆ, ಬರೀ ಮೆತ್ತಿದ್ದಾದರೆ ಜಾರುತ್ತೆ.
ಆಸ್ಪತ್ರೆಯ ಲಾಂಡ್ರಿಯಲ್ಲಿ ನಮ್ಮಿಬ್ಬರದೂ ಬೆಳಗಿನ ನಾಲ್ಕರ ಪಾಳಿ,
ಮೊದಲ ಬಸ್ಸು ಹೊರಡುವುದು ಐದೂವರೆಗೆ.
ಹನ್ನೊಂದು ವರ್ಷ ಅವಳ ಕಾರಿನ ಪಕ್ಕದ ಸೀಟು ನನ್ನದು.
ಶುಕ್ರವಾರ ಅವಳು ನಿವೃತ್ತಿ.

ಹೀಗೆ ಬಂದು ನಿಂತಿದ್ದೇನೆ, ಯಂಗ್ಸ್‌ಟೌನಿನ ದಕ್ಷಿಣಕ್ಕೆ,
ಫಾರಿಸ್ ಶಹೀನನ ಶೆಡ್ಡಿನ ಮುಂದೆ,
ನೀಲಿ ಕಾರಿಗೆ ಮೂರನೇ ಸುತ್ತು.
ಐದು ಸಾವಿರದ ಇನ್ನೂರು ಡಾಲರು.
ಇದೇ ಕಾರು, ಇದೇ ವರ್ಷದ್ದು, ಬೇರೆ ಕಡೆ ಒಂಬತ್ತು.
ನಡುವಿನ ಅಷ್ಟೂ ದುಡ್ಡು ಒಂದು ಪದಕ್ಕೆ,
ಟೈಟಲ್ ಕಾಗದದ ಮೇಲೆ ಅಡ್ಡಡ್ಡ ಒತ್ತಿದ
‘ರೀಬಿಲ್ಟ್’.
ಒಮ್ಮೆ ಸತ್ತಿತೆಂದು ವಿಮೆಯವರು ಲೆಕ್ಕ ಚುಕ್ತಾ ಮಾಡಿದ್ದು,
ಇವನು ಗುಜರಿಯಿಂದ ಎಳೆದು ತಂದು ಎಬ್ಬಿಸಿದ್ದು.

“ಪೊಲೀಸರು ನೋಡಿ ಪಾಸು ಮಾಡಿದ್ದಾರೆ, ಮಿಸೆಸ್ ಹ್ರಿಂಕೊ.”
ಕೇಳಿಕೊಂಡೇ ಬಂದಿದ್ದೇನೆ ನಾನೂ:
ಅವರು ಹುಡುಕುವುದು ಕದ್ದ ಮಾಲು,
ಬ್ರೇಕು ಹಿಡಿಯುತ್ತದೋ ಇಲ್ಲವೋ ಅವರ ತಲೆನೋವಲ್ಲ.
ಬ್ಯಾಂಕಿನ ಹುಡುಗಿ ಆ ಪದ ಕೇಳಿದ್ದೇ
ಪೆನ್ನಿಗೆ ಮುಚ್ಚಳ ಹಾಕಿದಳು.
ವಿಮೆಯವನು, ಎದುರಿನವರಿಗಾದರೆ ಕೊಡ್ತೀವಿ,
ನಿಮ್ಮ ಕಾರಿಗೆ ನೋಡೋಣ, ಅಂದ.
ನೋಡೋಣ ಅಂದವರು ಯಾವತ್ತು ನೋಡಿದ್ದಾರೆ.

ಸೀಟ್‌ಬೆಲ್ಟು ಕೊನೆಯವರೆಗೂ ಎಳೆದೆ,
ಕೆಸರಿನ ಗೆರೆ ಇಲ್ಲ, ನೆರೆ ನೀರು ಕುಡಿದ ಗಾಡಿಯಲ್ಲ.
ಮೊಣಕಾಲೂರಿ, ಈ ವಯಸ್ಸಿನಲ್ಲಿ, ಕಾರ್ಪೆಟ್ಟಿಗೆ ಮೂಗು ಹಚ್ಚಿದೆ.
ಸಿಗರೇಟು, ಆಲೂಗಡ್ಡೆ ಕರಿದ ಎಣ್ಣೆ, ಅಷ್ಟೆ.
ಆಸ್ಪತ್ರೆಯ ಹಾಸುಬಟ್ಟೆ ಮೂವತ್ತು ವರ್ಷ ಮೂಸಿದ ಮೂಗು,
ಸೋಪಿನ ಅಡಿಗೆ ಏನಿದೆಯೆಂದು ಅದಕ್ಕೆ ತಿಳಿಯುತ್ತೆ.

ಬಾನೆಟ್ಟು ಕಚ್ಚಿತು. ಬಾಗಿಲು ಕಚ್ಚಿತು. ಬಲಗಡೆ ಪೂರ್ತಿ.
ಎಡಗಡೆ, ಹಿಂದಿನ ಚಕ್ರದ ಮೇಲೆ,
ನಯಾಗರಾ ಜಾರಿ ಜಲ್ಲಿಯಲ್ಲಿ ಬಿತ್ತು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವವರನ್ನು
ಬೇಕಾದಷ್ಟು ಕಂಡಿದ್ದೇನೆ. ಇವನು ಮುಟ್ಟಿಕೊಳ್ಳಲಿಲ್ಲ.
ಬಗ್ಗಿ ಎತ್ತಿದ, ಪ್ಯಾಂಟಿಗೆ ಒರೆಸಿ ಕೊಟ್ಟ.
“ಅಲ್ಲಿ ಪುಟ್ಟಿ ಮೆತ್ತಿದ್ದೇನೆ, ಹೌದು. ಚಾಸಿ ನೆಟ್ಟಗಿದೆ.”
“ಫೋಟೋ ಇದೆಯಾ?” ಅಂದೆ. “ಮುಂಚಿನದು.”

ಇಲ್ಲ ಅಂದಿದ್ದರೆ ಸುಲಭವಿತ್ತು.

ಗಾಜು ಬಿರಿದ ಫೋನು. ಹಿಡಿಯಲು ಎರಡೂ ಕೈ ಬೇಕಾಯಿತು.
ಟೋ ಮಾಡಲು ಬಂದವನು ರಸ್ತೆ ಬದಿಯಲ್ಲೇ ತೆಗೆದದ್ದಂತೆ.
ಹಿಂಭಾಗ, ಕುಡಿದು ಹಿಚುಕಿ ಎಸೆದ ಕಾಗದದ ಲೋಟ.
ಇಲ್ಲಿ ನೋಡಿ ಆಕ್ಸಲ್ಲು, ಇದು ಬದಲಿಸಿದ ರಸೀತಿ, ಅನ್ನುತ್ತಿದ್ದ.
ನಾನು ನೋಡಿದ್ದು ಡ್ರೈವರನ ಬಾಗಿಲು.
ತೆರೆದಿತ್ತು.
ಬೆಲ್ಟು ತನ್ನ ಗೂಡಿಗೆ ವಾಪಸು ಹೋಗಿತ್ತು.
ಕೆಳಗೆ ಹಿಮದಲ್ಲಿ ಹೆಜ್ಜೆ,
ಒಂದು, ಎರಡು, ಮೂರನೆಯದರ ಹಿಮ್ಮಡಿ,
ಆಮೇಲೆ ಚಿತ್ರದ ಅಂಚು.

ಯಾರೋ ತಾವೇ ಇಳಿದು ನಡೆದುಹೋಗಿದ್ದಾರೆ.
ಇದರಿಂದ ಎಂಜಿನ್ನಿಗೇನು ಅಂತ ಕೇಳಿದರೆ
ನನ್ನ ಬಳಿ ಉತ್ತರವಿಲ್ಲ.

“ನಾಲ್ಕು ಸಾವಿರದ ಎಂಟುನೂರು.”
ಅವನು ಮುಗಿಲು ನೋಡಿದ. “ಐದು.”
“ನನ್ನ ಕಡೆಯವನೊಬ್ಬ ಲಿಫ್ಟಿಗೇರಿಸಿ ನೋಡಲಿ ಮೊದಲು.”
“ಏರಿಸಲಿ,” ಅಂದ, ಎಷ್ಟು ಬೇಗ ಅಂದನೆಂದರೆ
ಇಷ್ಟು ದಿನ ಸಾಕಿದ ಅನುಮಾನಕ್ಕೆ ನಾಚಿಕೆಯಾಯಿತು.
ಬೇಗ ಅಂದದ್ದಕ್ಕೇ ಇನ್ನೊಂದು ಅನುಮಾನ ಹುಟ್ಟಿತು.

ಮನೆಗೆ ಬಂದಾಗ ಕತ್ತಲು, ಹಿಮ ಶುರುವಾಗಿತ್ತು.
ಅಡುಗೆಮನೆಯ ನೆಲದಲ್ಲಿ ಗ್ಯಾಸಿನ ಬಿಲ್ಲು.
ಎತ್ತಿ ಫ್ರಿಜ್ಜಿಗೆ ಒತ್ತಿ ಹಿಡಿದೆ, ಇನ್ನೊಂದು ಕೈಯಲ್ಲಿ
ಕೋಟಿನ ಜೇಬು ತಡಕಿದೆ, ಚೀಲ ತಡಕಿದೆ.
ಕರ್ಚೀಫು ಸಿಕ್ಕಿತು.

ಫೋನು ಹಿಡಿಯುವಾಗ ಕಾರಿನ ನೆತ್ತಿಗೆ ಅಂಟಿಸಿದ್ದೆನಲ್ಲ.
ಅಲ್ಲೇ ಇರಬೇಕು ಈಗ, ಗಟ್ಟಿ ಕಬ್ಬಿಣದ ಮೇಲೆ,
ಹೊಸ ಹಿಮದ ಅಡಿಯಲ್ಲಿ,
ಯಾವ ಬಿಲ್ಲನ್ನೂ ಹಿಡಿಯದೆ.